ವೇಪ್ ಕೇಳಿಕೊಂಡು ಬರುವವರಿಗೆ ನಾನು ಪ್ಯಾಚ್ ಯಾಕೆ ಕೊಡುತ್ತೇನೆ

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬಿಪಿ, ಶುಗರ್ ಮಾತ್ರೆಗೆ ಬರುವವರೇ ಜಾಸ್ತಿ. ಈಚೆಗೆ ಇನ್ನೊಂದು ಥರದ ಗಿರಾಕಿಗಳೂ ಬರುತ್ತಿದ್ದಾರೆ. ಅಂಗಡಿ ಖಾಲಿ ಇರುವ ಹೊತ್ತು ನೋಡಿಕೊಂಡು ಬರುತ್ತಾರೆ, ದನಿ ಇಳಿಸಿ ಮಾತಾಡುತ್ತಾರೆ. "ಸರ್, ಸಿಗರೇಟ್ ಬಿಡಬೇಕು. ಪ್ಯಾಚ್ ಎಲ್ಲಾ ವೇಸ್ಟ್ ಅಂತೆ, ವೇಪೇ ಬೆಸ್ಟ್ ಅಂತೆ. ಇಂಗ್ಲೆಂಡಲ್ಲಿ ಸರ್ಕಾರನೇ ಕೊಡುತ್ತಂತೆ. ಇಲ್ಲಿ ಎಲ್ಲಿ ಸಿಗುತ್ತೆ ಸರ್?" ಕಾಂಡೋಮ್ ಕೇಳುವವರೂ ಈಗ ಇಷ್ಟು ಸಂಕೋಚಪಡುವುದಿಲ್ಲ ಬಿಡಿ.

ಕೌಂಟರ್‌ನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ವೇಪ್ ಅಂದರೆ ಇ-ಸಿಗರೇಟ್. ಪ್ಯಾಚ್, ಗಮ್ ಅಂದರೆ ಸಿಗರೇಟಿನ ಬದಲು ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಡುವ ಔಷಧಿಗಳು; ಒಂದು ಚರ್ಮಕ್ಕೆ ಅಂಟಿಸುವ ಪಟ್ಟಿ, ಇನ್ನೊಂದು ಅಗಿಯುವಂಥದ್ದು.

ವೇಪ್ ಬಗ್ಗೆ ಆ ಗಿರಾಕಿಗಳು ಹೇಳುವುದು ಸುಳ್ಳೇನಲ್ಲ. ಇಂಗ್ಲೆಂಡಿನಲ್ಲಿ 886 ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. 2019ರಲ್ಲಿ ಅದರ ಫಲಿತಾಂಶ ಬಂತು. ಅರ್ಧ ಜನರಿಗೆ ಇ-ಸಿಗರೇಟ್ ಕೊಟ್ಟರು. ಉಳಿದವರಿಗೆ ಪ್ಯಾಚ್, ಗಮ್ ಮುಂತಾದವುಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಲು ಬಿಟ್ಟರು. ಒಂದು ವರ್ಷ ಆದ ಮೇಲೆ ನೋಡಿದರೆ ಇ-ಸಿಗರೇಟ್ ತೆಗೆದುಕೊಂಡವರಲ್ಲಿ ಶೇ. 18 ಮಂದಿ ಸಿಗರೇಟ್ ಬಿಟ್ಟಿದ್ದರು. ಇನ್ನೊಂದು ಗುಂಪಿನಲ್ಲಿ ಶೇ. 9.9. ಹೆಚ್ಚುಕಮ್ಮಿ ದುಪ್ಪಟ್ಟು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯೂ ಇದನ್ನೇ ಹೇಳಿದೆ. ಸಿಗರೇಟ್ ಬಿಡಿಸುವುದರಲ್ಲಿ ಪ್ಯಾಚ್, ಗಮ್‌ಗಳಿಗಿಂತ ನಿಕೋಟಿನ್ ಇರುವ ವೇಪ್ ಮುಂದಿದೆ ಎಂದು. ನಾನು ಮಾರುವ ಸಾಮಾನು ಪ್ಯಾಚ್ ಅಂತ ಈ ಲೆಕ್ಕವನ್ನು ಮುಚ್ಚಿಡೋಕೆ ಆಗಲ್ಲ.

"ವೇಪ್ ಸಿಗರೇಟಿಗಿಂತ ಡೇಂಜರ್" ಎಂದು ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವವರಿಗೂ ಒಂದು ಮಾತು. ಚಟ ಹಿಡಿಸುವುದು ನಿಕೋಟಿನ್. ಆದರೆ ಕ್ಯಾನ್ಸರ್, ಹಾರ್ಟ್ ಅಟ್ಯಾಕ್‌ಗಳಿಗೆ ಮುಖ್ಯ ಕಾರಣ ಹೊಗೆಸೊಪ್ಪು ಸುಟ್ಟಾಗ ಬರುವ ಹೊಗೆ, ಟಾರ್, ಕಾರ್ಬನ್ ಮಾನಾಕ್ಸೈಡ್. ವೇಪ್‌ನಲ್ಲಿ ಏನೂ ಸುಡುವುದಿಲ್ಲ, ದ್ರವ ಕಾದು ಆವಿಯಾಗುತ್ತದೆ. ಹಾಗಂತ ಅದು ಬರೀ ನೀರಿನ ಆವಿಯೂ ಅಲ್ಲ, ಶ್ವಾಸಕೋಶಕ್ಕೆ ಒಳ್ಳೆಯದೂ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಹಾಳಾಗಿ 60ಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಸುದ್ದಿಯನ್ನು ಈಗಲೂ ಕಳಿಸುತ್ತಿರುತ್ತಾರೆ. ಆ ಕೇಸುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಗಾಂಜಾ ಎಣ್ಣೆಯ ವೇಪ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಪದಾರ್ಥ. ಈ ವಿವರ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ವೇಪ್ ಕೇಳಿದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂದರೆ ಆ 886 ಜನರಿಗೆ ಸಿಕ್ಕಿದ್ದು ನಿಮಗೆ ಮೈಸೂರಿನಲ್ಲಿ ಸಿಗುವುದಿಲ್ಲ.

ಅಲ್ಲಿ ಅವರ ಕೈಗೆ ಬಂದಿದ್ದು ಸರ್ಕಾರದ ನಿಯಮಕ್ಕೆ ಒಳಪಟ್ಟ ಸಾಮಾನು. ಅಲ್ಲಿನ ಕಾನೂನಿನಂತೆ ಒಂದು ಮಿಲಿಲೀಟರ್ ದ್ರವದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರುವಂತಿಲ್ಲ. ಅದರ ಜೊತೆಗೆ ಕನಿಷ್ಠ ನಾಲ್ಕು ವಾರ, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡುವ ಆಪ್ತಸಮಾಲೋಚಕರು ಇದ್ದರು. ಇಲ್ಲಿ? ಕಳ್ಳದಾರಿಯಲ್ಲಿ ಬಂದ ಬಣ್ಣಬಣ್ಣದ ಡಬ್ಬಿ. ಮಾವಿನಹಣ್ಣಿನ ವಾಸನೆ, ಪುದೀನ ವಾಸನೆ. ಒಳಗೆ ಎಷ್ಟು ನಿಕೋಟಿನ್ ಇದೆ ಅಂತ ಮಾರುವವನಿಗೂ ಗೊತ್ತಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಮಾಡಿದರೆ ಬೈಕಿನಲ್ಲಿ ತಂದುಕೊಡುತ್ತಾರಂತೆ. ಕೆಟ್ಟರೆ ಯಾರನ್ನು ಹೋಗಿ ಕೇಳುತ್ತೀರಿ?

ಕಾನೂನಿನ ವಿಷಯವನ್ನೂ ತಿಳಿದುಕೊಳ್ಳಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ನಿಷೇಧ ಬಂತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆ ಇಂಗ್ಲೆಂಡಿನ ಅಧ್ಯಯನದಲ್ಲೇ ಇನ್ನೊಂದು ಲೆಕ್ಕ ಇದೆ, ಅದನ್ನು ಯಾರೂ ಹೇಳುವುದಿಲ್ಲ. ವೇಪ್‌ನಿಂದ ಸಿಗರೇಟ್ ಬಿಟ್ಟವರಲ್ಲಿ ಶೇ. 80 ಮಂದಿ ಒಂದು ವರ್ಷ ಆದರೂ ವೇಪ್ ಸೇದುತ್ತಲೇ ಇದ್ದರು. ಪ್ಯಾಚ್, ಗಮ್‌ನಿಂದ ಬಿಟ್ಟವರಲ್ಲಿ ಅದನ್ನು ಇನ್ನೂ ಮುಂದುವರಿಸುತ್ತಿದ್ದವರು ಶೇ. 9 ಮಾತ್ರ. ಸಿಗರೇಟಿಗಿಂತ ವೇಪ್ ಮೇಲು ಅನ್ನುವವರಿಗೆ ಇದು ದೊಡ್ಡ ವಿಷಯ ಅಲ್ಲದೇ ಇರಬಹುದು. ಚಟದಿಂದಲೇ ಬಿಡುಗಡೆ ಬೇಕು ಅನ್ನುವವರಿಗೆ ಇದು ದೊಡ್ಡ ವಿಷಯವೇ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಎರಡನೆಯ ಥರದವರು. ಅದೂ ಅಲ್ಲದೆ ಎರಡೂ ಗುಂಪಿನ ಫಲಿತಾಂಶ ಮತ್ತೊಮ್ಮೆ ನೋಡಿ. ಗೆದ್ದಿತು ಅನ್ನುವ ವೇಪ್ ಗುಂಪಿನಲ್ಲೂ ನೂರಕ್ಕೆ 82 ಜನರಿಗೆ ಬಿಡಲು ಆಗಲಿಲ್ಲ. ಯಾವುದು ಬೆಸ್ಟ್ ಅಂತ ಕಿತ್ತಾಡುವವರು ಇದನ್ನು ಮರೆತುಬಿಡುತ್ತಾರೆ.

ಇನ್ನು ಪ್ಯಾಚ್ ವೇಸ್ಟ್ ಅನ್ನುವ ಮಾತು. ಅದು ಎಲ್ಲಿಂದ ಹುಟ್ಟಿತು ಅಂತ ನನಗೆ ಚೆನ್ನಾಗಿ ಗೊತ್ತು, ದಿನಾ ನೋಡುತ್ತೇನಲ್ಲ. ದಿನಕ್ಕೆ ಒಂದು ಪ್ಯಾಕ್ ಸೇದುವವರು ಬಂದು "ಚಿಕ್ಕದು ಕೊಡಿ ಸರ್, ಸ್ಟ್ರಾಂಗ್ ಬೇಡ, ಭಯ ಆಗುತ್ತೆ" ಅನ್ನುತ್ತಾರೆ. 7 ಮಿಲಿಗ್ರಾಂ ಪ್ಯಾಚ್ ಅಂಟಿಸಿಕೊಳ್ಳುತ್ತಾರೆ. ಎರಡು ದಿನ ತಲೆನೋವು, ಹೆಂಡತಿ ಮಕ್ಕಳ ಮೇಲೆ ಸಿಟ್ಟು. ಮೂರನೇ ದಿನ ಟೀ ಅಂಗಡಿ. ಸಿಗರೇಟ್ ಸೇದಲು ಹೆದರದವರು ಪ್ಯಾಚ್‌ಗೆ ಹೆದರುತ್ತಾರೆ! ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುವವರು ಸಾಮಾನ್ಯವಾಗಿ ಶುರು ಮಾಡಬೇಕಾದ್ದು 21 ಮಿಲಿಗ್ರಾಂನಿಂದ. ಅದು ಆರು ವಾರ. ಆಮೇಲೆ 14 ಎರಡು ವಾರ, 7 ಎರಡು ವಾರ. ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ಬೆಳಿಗ್ಗೆ ತೋಳಿನ ಮೇಲ್ಭಾಗದಲ್ಲೋ ಎದೆಯ ಮೇಲೋ ಕೂದಲಿಲ್ಲದ, ಒಣಗಿದ ಚರ್ಮದ ಮೇಲೆ ಅಂಟಿಸಬೇಕು. ದಿನಾ ಜಾಗ ಬದಲಿಸಬೇಕು, ಇಲ್ಲದಿದ್ದರೆ ಅಲ್ಲಿ ಕೆಂಪಾಗಿ ತುರಿಕೆ ಬರುತ್ತದೆ. ರಾತ್ರಿ ಚಿತ್ರವಿಚಿತ್ರ ಕನಸು ಬಿದ್ದು ನಿದ್ದೆ ಕೆಡುತ್ತಿದ್ದರೆ ಮಲಗುವ ಮುಂಚೆ ತೆಗೆದುಬಿಡಿ. ಗರ್ಭಿಣಿಯರು, ಈಚೆಗೆ ಹಾರ್ಟ್ ಅಟ್ಯಾಕ್ ಆದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಮಂಡ್ಯ ಕಡೆಯ ಯಜಮಾನರೊಬ್ಬರು ಇಲ್ಲಿ ಮಗಳ ಮನೆಗೆ ಬಂದಿದ್ದರು. ಮಗಳೇ ಅಂಗಡಿಗೆ ಎಳೆದುಕೊಂಡು ಬಂದಿದ್ದಳು. ಅವರು ಪ್ಯಾಚನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಅಲ್ಲ ಕಣಪ್ಪಾ, ಇದ್ನ ಅಂಟಿಸ್ಕಂಡ್ರೆ ಬೀಡಿ ನೆಪ್ಪಾಗಕಿಲ್ವಾ?" ಎಷ್ಟು ಸರಿಯಾದ ಪ್ರಶ್ನೆ ಅಲ್ವಾ. ಆಗುತ್ತೆ ಯಜಮಾನ್ರೇ ಅಂದೆ. ಸಿಗರೇಟಿನ ನಿಕೋಟಿನ್ ಸೆಕೆಂಡುಗಳಲ್ಲಿ ಮೆದುಳಿಗೆ ಮುಟ್ಟುತ್ತದೆ. ಪ್ಯಾಚಿನದು ಚರ್ಮದ ಮೂಲಕ ನಿಧಾನವಾಗಿ, ಗಂಟೆಗಟ್ಟಲೆ ಇಳಿಯುತ್ತದೆ. ಅದು ಇಡೀ ದಿನದ ಚಡಪಡಿಕೆ ತಗ್ಗಿಸುತ್ತದೆ. ಊಟ ಆದ ತಕ್ಷಣ, ಟೀ ಕುಡಿದ ತಕ್ಷಣ ಎದ್ದು ಬರುವ ಆಸೆಗೆ ಅದರ ಹತ್ತಿರ ಮದ್ದಿಲ್ಲ. ಆ ಹೊತ್ತಿಗೆ ಬೇಕಾಗಿರುವುದು ಗಮ್. ದಿನವಿಡೀ ಪ್ಯಾಚ್, ಆಸೆ ಬಂದಾಗ ಗಮ್, ಎರಡನ್ನೂ ಸೇರಿಸಿ ಬಳಸಿದರೆ ಒಂದೇ ಬಳಸುವುದಕ್ಕಿಂತ ಜಾಸ್ತಿ ಜನ ಬಿಡುತ್ತಾರೆ ಅನ್ನುವುದು ಚೆನ್ನಾಗಿ ಸಾಬೀತಾಗಿರುವ ವಿಷಯ. ಇಲ್ಲಿ ಪ್ಯಾಚ್ ತೆಗೆದುಕೊಳ್ಳುವವರಿಗೆ ಇದನ್ನು ಹೇಳುವವರೇ ಕಮ್ಮಿ.

ಗಮ್‌ನದ್ದು ಬೇರೆಯೇ ಕಥೆ. ನಮ್ಮವರು ಅದನ್ನು ಬಬಲ್‌ಗಮ್ ಥರ ಕಚಕಚ ಅಗಿಯುತ್ತಾರೆ. ನಿಕೋಟಿನ್ ಎಲ್ಲ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. "ಥೂ, ಖಾರ ಸರ್" ಅಂತ ವಾಪಸ್ ಬರುತ್ತಾರೆ. ನಿಧಾನವಾಗಿ ನಾಲ್ಕಾರು ಸಲ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಚುರುಗುಡುವುದು ಕಮ್ಮಿಯಾದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚೆ ಹದಿನೈದು ನಿಮಿಷ ಕಾಫಿ, ಜ್ಯೂಸ್ ಕುಡಿಯಬಾರದು. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೈಸೂರಿನವರಿಗೆ ಕಾಫಿ ಕುಡಿದ ಮೇಲೆ ಸ್ವಲ್ಪ ಹೊತ್ತು ಕಾಯಿರಿ ಅಂತ ಹೇಳುವುದು ಎಷ್ಟು ಕಷ್ಟ, ನೀವೇ ಯೋಚನೆ ಮಾಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ವೇಪ್ ನಿಷೇಧಿಸಿದರು, ಸರಿ. ಕಾಲೇಜು ಹುಡುಗರು, ಸಿಗರೇಟನ್ನೇ ಮುಟ್ಟದವರು, ಸ್ಟೈಲಿಗೆ ಅಂತ ಅದನ್ನು ಹಿಡಿಯುವುದನ್ನು ನೋಡಿದರೆ ನಿಷೇಧ ತಪ್ಪು ಅಂತ ನಾನು ಹೇಳಲಾರೆ. ಆದರೆ ಸೇದುವವರಿಂದ ಒಂದು ದಾರಿ ಕಿತ್ತುಕೊಂಡ ಮೇಲೆ ಇನ್ನೊಂದು ದಾರಿಯನ್ನು ಅಗಲ ಮಾಡಬೇಕಿತ್ತಲ್ಲ? ನಿಕೋಟಿನ್ ಬದಲಿ ಔಷಧಿಗಳು 2009ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. 2022ರಲ್ಲಿ ನಮ್ಮ ದೇಶದ ಪಟ್ಟಿಗೂ ಬಂದವು. ಪಟ್ಟಿಯಲ್ಲಿದೆ, ಅಂಗಡಿಯಲ್ಲಿಲ್ಲ. ಗಮ್ ಹೇಗೋ ಸಿಗುತ್ತದೆ. ಪ್ಯಾಚ್ ಬೇಕು ಅಂದರೆ ನಾನು ಆರ್ಡರ್ ಹಾಕಿ ಕಾಯಬೇಕು. ಒಮ್ಮೊಮ್ಮೆ 21 ಬರುತ್ತದೆ, 14 ಬರುವುದಿಲ್ಲ. ಸಿಗರೇಟ್ ಬಿಡಬೇಕು ಅನ್ನುವ ಮನಸ್ಸು ನಾಲ್ಕು ದಿನ ಕಾಯುತ್ತಾ? ನನ್ನ ಅಂಗಡಿಯ ಮೆಟ್ಟಿಲು ಇಳಿದರೆ ಬೀಡಾ ಅಂಗಡಿ. ಅಲ್ಲಿ ಸ್ಟಾಕ್ ಮುಗಿದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೂತು ಇದನ್ನು ಹೇಳುವುದಕ್ಕೆ ಇನ್ನೂ ಒಂದು ಕಾರಣ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೆಳೆದು, ಅದನ್ನು ಒಣಗಿಸುವ ಮನೆಯಾದ ಬ್ಯಾರನ್‌ನಲ್ಲಿ ಸೌದೆ ಉರಿಸಿ ಹದ ಮಾಡಿ, ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುತ್ತಾರೆ. ನಮ್ಮ ನೆಂಟರಲ್ಲೇ ಬೆಳೆಯುವವರಿದ್ದಾರೆ. ಅವರನ್ನು ದೂರುವುದಿಲ್ಲ, ಹರಾಜಿನಲ್ಲಿ ರೇಟು ಬಿದ್ದಾಗ ಅವರ ಮುಖ ನೋಡಿದ್ದೇನೆ. ಹೇಳಬೇಕಾದ್ದು ಇಷ್ಟೇ, ಪ್ಯಾಚ್ ಗಮ್‌ಗಳಲ್ಲಿ ಇರುವ ನಿಕೋಟಿನ್ ಕೂಡ ಸಾಮಾನ್ಯವಾಗಿ ತಂಬಾಕಿನ ಎಲೆಯಿಂದಲೇ ತೆಗೆದದ್ದು. ಸೊಪ್ಪು ಬೆಳೆಯಲು, ಹರಾಜು ಹಾಕಲು ಇಷ್ಟು ಅಚ್ಚುಕಟ್ಟಾದ ಸರ್ಕಾರಿ ವ್ಯವಸ್ಥೆ ಇರುವ ಜಿಲ್ಲೆಯಲ್ಲಿ, ಅದನ್ನು ಬಿಡಿಸುವ ಪ್ಯಾಚ್ ಮಾತ್ರ ಆರ್ಡರ್ ಹಾಕಿ ಕಾಯುವ ಸಾಮಾನು.

ಬಿಡಬೇಕು ಅಂತ ಇರುವವರು ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಇಂಗ್ಲೆಂಡಿನವರಿಗೆ ಸಿಕ್ಕ ಆಪ್ತಸಮಾಲೋಚನೆಗೆ ಹತ್ತಿರದ್ದು ಇಲ್ಲಿ ಏನಾದರೂ ಇದ್ದರೆ ಅದು ಇದೇ. ಪ್ಯಾಚ್, ಗಮ್‌ನಿಂದ ಆಗದವರಿಗೆ ವರೆನಿಕ್ಲಿನ್, ಬುಪ್ರೊಪಿಯಾನ್ ಅಂತ ಮಾತ್ರೆಗಳೂ ಇವೆ. ಅವಕ್ಕೆ ಡಾಕ್ಟರ್ ಚೀಟಿ ಬೇಕು. ನನ್ನ ಹತ್ತಿರ ಬಂದು ಸುಮ್ನೆ ಕೊಡಿ ಅಂತ ಕೇಳಬೇಡಿ, ಕೊಡಲ್ಲ.

ಮೈಸೂರು, ಮಂಡ್ಯದ ಮೆಡಿಕಲ್ ಸ್ಟೋರ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ 21, 14, 7 ಮೂರೂ ಪ್ಯಾಚ್ ಸ್ಟಾಕ್ ಇರುತ್ತಾ ಅಂತ ಕೆಳಗೆ ಬರೆಯಿರಿ, ಏರಿಯಾ ಹೆಸರಿನ ಜೊತೆ. ನನ್ನಲ್ಲಿ ಇಲ್ಲದಾಗ ಗಿರಾಕಿಯನ್ನು ನಿಮ್ಮ ಹತ್ತಿರವೇ ಕಳಿಸುತ್ತೇನೆ.