ಮಂಡಿಗೊಂದು ದರ, ಮೊಣಕೈಗೊಂದು ದರ

ಅಗ್ಗದ ವಿಮಾನದಲ್ಲಿ ಮಂಡಿ ಎಲ್ಲಿಡಬೇಕು ಎಂಬ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ. ಮುಂದೆ ಇಟ್ಟರೆ ಮುಂದಿನವರ ಬೆನ್ನು. ಪಕ್ಕಕ್ಕೆ ಇಟ್ಟರೆ ಪಕ್ಕದವರ ತೊಡೆ. ಕಳಚಿ ಬ್ಯಾಗಿಗೆ ಹಾಕೋಣ ಅಂದರೆ ಕೈಚೀಲಕ್ಕೆ 7 ಕೆಜಿ ಮಿತಿ.

ಹೋದ ತಿಂಗಳು ತಿಪಟೂರಿನ ದೊಡ್ಡಮ್ಮನನ್ನು ದೆಹಲಿಗೆ ಕರೆದುಕೊಂಡು ಹೋದೆ. ಮೊಮ್ಮಗಳ ಬಾಣಂತನ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮನೆಯಲ್ಲಿ ಬೀಗಿದ್ದೆ. ವೆಬ್ ಚೆಕ್-ಇನ್ ಮಾಡಲು ಕೂತಾಗ ಗೊತ್ತಾಯಿತು, ನಾನು ಕೊಂಡಿದ್ದು ವಿಮಾನದೊಳಗೆ ಹೋಗುವ ಹಕ್ಕನ್ನು ಮಾತ್ರ. ಕೂರುವುದು ಬೇರೆ ಲೆಕ್ಕ. ಕಿಟಕಿಗೊಂದು ದರ. ದಾರಿ ಪಕ್ಕದ ಸೀಟಿಗೊಂದು ದರ. ಕಾಲು ಚಾಚುವ ಸೀಟಿಗೆ ಕೇಳಿದ ದುಡ್ಡಿನಲ್ಲಿ ತಿಪಟೂರಿಗೆ ಹೋಗಿ, ಹಬ್ಬ ಮುಗಿಸಿ, ವಾಪಸ್ ಬರಬಹುದು. ಕೊಡಲ್ಲ ಅಂದೆ. ಕಂಪ್ಯೂಟರಿಗೆ ಸಿಟ್ಟು ಬಂತು. ನನ್ನನ್ನು 11ಬಿಯಲ್ಲೂ ದೊಡ್ಡಮ್ಮನನ್ನು 28ಇಯಲ್ಲೂ ಒಗೆಯಿತು. ಎರಡೂ ನಡುವಿನ ಸೀಟು.

12 ವರ್ಷದೊಳಗಿನ ಮಕ್ಕಳನ್ನು ಅಪ್ಪನದ್ದೋ ಅಮ್ಮನದ್ದೋ ಪಕ್ಕ ಕೂರಿಸಿ ಅಂತ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. ಮಗುವನ್ನು ತಾಯಿ ಪಕ್ಕ ಕೂರಿಸಲು ಸರ್ಕಾರಿ ಆದೇಶ! ದೊಡ್ಡಮ್ಮನಿಗೆ 72. ಆ ಆದೇಶಕ್ಕೆ ಅರವತ್ತು ವರ್ಷ ಲೇಟಾಗಿಬಿಟ್ಟರು.

ಬಿಲ್ಲಿನ ಕೊನೆಯಲ್ಲಿ ‘ಕನ್ವೀನಿಯನ್ಸ್ ಫೀ’ ಅಂತ ಒಂದು ಸಾಲಿತ್ತು. ಅಂದರೆ ಅನುಕೂಲದ ಶುಲ್ಕ. ನಾನೇ ಮೊಬೈಲ್ ಹಿಡಿದು, ನನ್ನದೇ ಡೇಟಾ ಸುಟ್ಟು, ನನ್ನ ಹೆಬ್ಬೆಟ್ಟು ಸವೆಸಿದ್ದಕ್ಕೆ. ಇಡೀ ಪ್ರಯಾಣದಲ್ಲಿ ಅನುಕೂಲ ಎಂಬ ಮಾತು ಬಂದಿದ್ದು ಅಲ್ಲೊಂದೇ ಕಡೆ.

ಇದೇ ಲೆಕ್ಕಾಚಾರ ನಮ್ಮ ದರ್ಶಿನಿಗಳಿಗೆ ಹೊಳೆಯದಿರಲಿ ದೇವರೇ. ದೋಸೆ 20 ರೂಪಾಯಿ ಅಂತ ಬೋರ್ಡು. ಬಿಸಿ ದೋಸೆ ಬೇಕಾದರೆ 40. ಚಟ್ನಿ ಬೇರೆ. ತಟ್ಟೆ ಬೇರೆ. ಚಟ್ನಿ ದೋಸೆಯ ಪಕ್ಕದಲ್ಲೇ ಇರಬೇಕು ಅಂದರೆ ಅದಕ್ಕೆ ಮೊದಲೇ ಬುಕ್ ಮಾಡಿರಬೇಕು.

ವಿಮಾನ ಚಿಕ್ಕದಾಗಿದೆಯಾ ಅಂದರೆ ಅದೂ ಇಲ್ಲ. ಏರ್‌ಬಸ್ ಎ320 ಅಂದೂ 37 ಮೀಟರ್ ಚಿಲ್ಲರೆ ಉದ್ದ, ಇಂದೂ ಅಷ್ಟೇ. ಅದರಲ್ಲಿ 180 ಸೀಟು ಹಾಕಿದ್ದರು. ಆಮೇಲೆ ಹಿಂದಿನ ಶೌಚಾಲಯ ಕುಗ್ಗಿಸಿ, ಸೀಟಿನ ಹತ್ತಿ ತೆಳು ಮಾಡಿ 186 ಮಾಡಿದರು. ಆರು ಜನಕ್ಕೆ ಜಾಗ ಕೊಟ್ಟಿದ್ದು ಉಳಿದ 180 ಜನರ ಮಂಡಿ. ಶೌಚಾಲಯದಲ್ಲಂತೂ ಒಳಗೇ ತಿರುಗುವ ಹಾಗಿಲ್ಲ. ಯಾವ ದಿಕ್ಕಿಗೆ ಮುಖ ಬೇಕು ಅಂತ ಹೊರಗೇ ತೀರ್ಮಾನಿಸಿ ಹೋಗಬೇಕು.

ಸೀಟು ಹಿಂದಕ್ಕೆ ಒರಗುವುದೂ ಹಲವು ಕಡೆ ನಿಂತುಹೋಗಿದೆ. ಅಮೆರಿಕದ ಸ್ಪಿರಿಟ್ ಕಂಪನಿ ಇದಕ್ಕೆ ಚೆಂದದ ಹೆಸರಿಟ್ಟಿತು: ‘ಮೊದಲೇ ಒರಗಿಸಿದ ಸೀಟು’. ಒರಗುವ ಕೆಲಸ ನಿಮ್ಮ ಪರವಾಗಿ ನಾವೇ ಮಾಡಿಟ್ಟಿದ್ದೇವೆ, ಮುಟ್ಟಬೇಡಿ ಅಂತ. ಇಂಥವರ ಮುಂದೆ ನಮ್ಮ ಮದುವೆ ಬ್ರೋಕರ್‌ಗಳು ಎಲ್‌ಕೆಜಿ.

ಇಟಲಿಯ ಏವಿಯೋಇಂಟೀರಿಯರ್ಸ್ ಕಂಪನಿ 2010ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕುದುರೆ ಜೀನಿನಂಥ ಸೀಟು. ಅರ್ಧ ಕೂರುವುದು, ಅರ್ಧ ನಿಲ್ಲುವುದು. ಒಂದು ಸಾಲಿನಿಂದ ಇನ್ನೊಂದಕ್ಕೆ ಬರೀ 23 ಇಂಚು. ಅದೇ ಕಾಲಕ್ಕೆ ಐರ್ಲೆಂಡಿನ ಅಗ್ಗದ ವಿಮಾನ ಕಂಪನಿ ರಯಾನ್‌ಏರ್‌ನ ಮುಖ್ಯಸ್ಥ ಮೈಕಲ್ ಓಲೀರಿ ಕೂಡ ನಿಂತು ಹೋಗುವ ಟಿಕೆಟ್, ಶೌಚಾಲಯಕ್ಕೆ ಕಾಸು ಅಂತೆಲ್ಲ ಮಾತಾಡಿದ್ದರು. ಇವರಿಗೆಲ್ಲ ಇಷ್ಟು ಸಂಶೋಧನೆ ಯಾಕೆ ಬೇಕಿತ್ತು? ಬೆಳಗ್ಗೆ ಎಂಟೂವರೆಗೆ ಸಿಲ್ಕ್ ಬೋರ್ಡ್ ಕಡೆ ಹೋಗುವ ಬಿಎಂಟಿಸಿ ಹತ್ತಿದ್ದರೆ ಸಾಕಿತ್ತು. ಅಲ್ಲಿ 23 ಇಂಚೆಂದರೆ ಐಷಾರಾಮ.

ಸೀಟೇ ಬೇಡ ಅನ್ನುವುದಕ್ಕೆ ನಾವೇ ಸಾಕ್ಷಿ. ವಿಮಾನ ಇಳಿದು ನಿಂತ ಕ್ಷಣ ಅಷ್ಟೂ ಜನ ಎದ್ದು, ಕತ್ತು ಸೊಟ್ಟ ಮಾಡಿಕೊಂಡು, ಬಾಗಿಲು ತೆಗೆಯುವವರೆಗೆ ಕಾಲು ಗಂಟೆ ಹಾಗೇ ನಿಲ್ಲುತ್ತೇವೆ. ಪುಕ್ಕಟೆಯಾಗಿ! ಕಂಪನಿಯವರು ಇದನ್ನು ನೋಡದೇ ಇರುತ್ತಾರಾ?

ಹಾಗಂತ ಹಳೇ ಕಾಲ ಹೂವಿನ ಹಾಸಿಗೆಯೇನಲ್ಲ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಸೀಟಿಗೆ ನಂಬರೇ ಇರಲಿಲ್ಲ. ಓಡಿ ಹಿಡಿಯಬೇಕಿತ್ತು. ಆದರೆ ಕಂಪನಿಯ ಗುರುತಾಗಿ ಆರ್.ಕೆ. ಲಕ್ಷ್ಮಣರ ಕಾಮನ್ ಮ್ಯಾನ್ ಇದ್ದ. ಓಡುವುದಕ್ಕೆ ದುಡ್ಡು ಕೇಳುತ್ತಿರಲಿಲ್ಲ. ಕೆಂಪು ಬಸ್ಸಿನ ನಿಯಮವೇ ಮೋಡದ ಮೇಲೂ ನಡೆಯುತ್ತಿತ್ತು.

ದೊಡ್ಡಮ್ಮನಿಗೆ ಗೊತ್ತಿರುವುದು ಆ ನಿಯಮ ಒಂದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಧರ್ಮಸ್ಥಳ, ಕಟೀಲು, ಹೊರನಾಡು ಎಲ್ಲ ಸುತ್ತಿ ಬಂದಿದ್ದಾರೆ. ವಿಮಾನ ಮಾತ್ರ ಇದೇ ಮೊದಲು. ನಿಲ್ದಾಣದಲ್ಲಿ ಅವರ ಬ್ಯಾಗಿನಿಂದ ಕೊಬ್ಬರಿ ಗಿಟುಕು ತೆಗೆಸಿದರು. ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ. ಅದಕ್ಕಾದರೂ ಒಂದು ಕಾರಣವಿದೆ ಬಿಡಿ. ತಿಪಟೂರಿನವರಿಗೆ ಅದನ್ನು ಅರ್ಥ ಮಾಡಿಸಲು ಮಾತ್ರ ಇಪ್ಪತ್ತು ನಿಮಿಷ ಹಿಡಿಯಿತು.

ವಿಮಾನದ ಬಾಗಿಲಲ್ಲಿ ನಾನು ಬ್ಯಾಗುಗಳ ಜೊತೆ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಮುಂದೆ ಹೋಗಿದ್ದರು. ಒಳಗೆ ಹೋಗಿ ನೋಡಿದರೆ ಮೊದಲನೇ ಸಾಲಿನ ಕಿಟಕಿ ಪಕ್ಕ ಕಾಲು ಚಾಚಿ ಕೂತಿದ್ದಾರೆ. ಪಕ್ಕದ ಸೀಟಿನ ಮೇಲೆ ಚೌಕಳಿ ಟವೆಲ್.

“ಬಾರೋ ಮಗಾ, ನಿಂಗೂ ಹಿಡ್ದಿದೀನಿ.”

ಗಗನಸಖಿ ಹಿಂದಿಯಲ್ಲಿ ಏನೋ ಹೇಳಿದರು. ದೊಡ್ಡಮ್ಮ ಕನ್ನಡದಲ್ಲಿ, “ಟವೆಲ್ ಹಾಕಿದೀನಲ್ಲಮ್ಮ, ಕಾಣಲ್ವಾ?” ಅಂದರು. ಗಗನಸಖಿ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ವಿವರಿಸಿದೆ. “ದೊಡ್ಡಮ್ಮಾ, ಇದು ಬೇರೆ ಸೀಟು. ಇಲ್ಲಿ ಕೂರೋಕೆ ಇನ್ನೂ ದುಡ್ಡು ಕೊಡ್ಬೇಕಂತೆ.”

“ಅಷ್ಟೇನಾ?” ಅಂದರು. ಸೊಂಟದ ಚೀಲ ಬಿಚ್ಚಿದರು. ಎಲೆ ಅಡಿಕೆ ಪಕ್ಕಕ್ಕೆ ಸರಿಸಿದರು. ಆಧಾರ್ ಕಾರ್ಡ್ ತೆಗೆದು ಗಗನಸಖಿಯ ಮುಂದೆ ಹಿಡಿದರು.

“ಎರಡು ಕಡೇನೂ ನೋಡ್ಕೊಳಮ್ಮ. ಕರ್ನಾಟಕದ್ದೇ.”