ಸೇವೆಯಂತೆ, ಸೇವೆ!

ಇವತ್ತಿನ ಪತ್ರಿಕೆಯೊಂದರ ಮೂರನೇ ಪುಟದ ಕೆಳಮೂಲೆಯಲ್ಲಿ ನಾನಿದ್ದೇನೆ. ಹೆಗಲ ಮೇಲೆ ಶಾಲು, ಕೈಯಲ್ಲಿ ತುಳಸಿ ಕುಂಡ, ಕಣ್ಣು ಅರ್ಧ ಮುಚ್ಚಿದೆ. ಶೀರ್ಷಿಕೆ: ‘ಪತ್ರಿಕೋದ್ಯಮ ಸಂಬಳದ ಕೆಲಸವಲ್ಲ, ಸೇವೆ’. ಹೇಳಿದವರು ‘ಹಿರಿಯ ಪತ್ರಕರ್ತೆ’, ಅಂದರೆ ನಾನು. ಬೆಳಿಗ್ಗೆಯಿಂದ ಹನ್ನೊಂದು ಜನ ವಾಟ್ಸ್‌ಆ್ಯಪ್‌ನಲ್ಲಿ ಕೈ ಮುಗಿದಿದ್ದಾರೆ. ಒಬ್ಬರು ‘ನಿಮ್ಮಂಥವರಿಂದಲೇ ಮಳೆ ಬೆಳೆ’ ಎಂದೂ ಬರೆದಿದ್ದಾರೆ.

ನಾನು ಆ ಮಾತು ಹೇಳಿಲ್ಲ. ಇಪ್ಪತ್ತು ವರ್ಷ ಬೇರೆಯವರ ಬಾಯಿಗೆ ಮಾತು ತುರುಕಿದವಳಿಗೆ ಸರಿಯಾಗಿಯೇ ಆಯಿತು ಎಂದು ಮನೆಯವರು ನಗುತ್ತಿದ್ದಾರೆ. ನಗಲಿ. ನಡೆದದ್ದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ.

ಶನಿವಾರ ನಮ್ಮ ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನದ ಕಾರ್ಯಕ್ರಮವಿತ್ತು. ವೇದಿಕೆಯ ಮೇಲೆ ಒಬ್ಬ ವೈದ್ಯರು, ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ಪಿಎಸ್‌ಐ, ರಜೆಗೆ ಊರಿಗೆ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗ, ಕೊನೆಯ ಕುರ್ಚಿಯಲ್ಲಿ ನಾನು. ನಿರೂಪಕಿ ಎಲ್ಲರನ್ನೂ ‘ಕಾರ್ಯನಿರ್ವಹಿಸುತ್ತಿರುವ’ ಎಂದು ಪರಿಚಯಿಸಿದಳು. ನನ್ನ ಸರದಿ ಬಂದಾಗ ‘ಸೇವೆ ಸಲ್ಲಿಸುತ್ತಿರುವ’ ಎಂದಳು. ಆಗಲೇ ನನಗೆ ವಾಸನೆ ಹತ್ತಬೇಕಿತ್ತು.

ಬ್ಯಾಂಕಿನವರು ಆರಂಭದ ಸಂಬಳ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮಕ್ಕಳು ಬರೆದುಕೊಂಡರು. ಸಾಫ್ಟ್‌ವೇರ್ ಹುಡುಗ ವರ್ಷದ ಪ್ಯಾಕೇಜ್ ಹೇಳಿದಾಗ ಹಿಂದಿನ ಸಾಲಿನಿಂದ ಸೀಟಿ ಬಂತು. ಆಮೇಲೆ ನಾನು ಎದ್ದೆ. ಹತ್ತು ನಿಮಿಷ ಏನೋ ಮಾತನಾಡಿದೆ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, ‘ಮೇಡಂ, ನಿಮಗೆ ಸಂಬಳ ಎಷ್ಟು ಬರುತ್ತದೆ?’ ಎಂದು ಕೇಳಿದಳು.

ಸಭೆ ಗೊಳ್ಳೆಂದಿತು. ಬ್ಯಾಂಕಿನವರ ಸಂಬಳ ಕೇಳಿ ನಗದವರು ನನ್ನದಕ್ಕೆ ನಕ್ಕರು! ಪ್ರಾಚಾರ್ಯರು ಮೈಕ್ ಎಳೆದುಕೊಂಡು, ‘ಕೂತ್ಕೊಳಮ್ಮ, ಅದು ಸಂಬಳದ ಕೆಲಸವಲ್ಲ, ಸೇವೆ’ ಎಂದರು. ಚಪ್ಪಾಳೆ. ಆ ಮಾತೇ ಪ್ರೆಸ್‌ನೋಟ್ ಆಗಿ, ಹಾದಿಯಲ್ಲಿ ಎಲ್ಲೋ ನನ್ನ ಹೆಸರು ಹೊತ್ತುಕೊಂಡು, ಇವತ್ತು ಮೂರನೇ ಪುಟ ಸೇರಿದೆ. ಮುಗಿಸಿ ಹೊರಡುವಾಗ ಉಳಿದ ನಾಲ್ವರಿಗೂ ಲಕೋಟೆ ಕೊಟ್ಟರು. ನನಗೆ ತುಳಸಿ ಕುಂಡ ಕೊಟ್ಟು, ‘ಮೇಡಂ, ನಾಳೆ ಫೋಟೊ ಸಮೇತ ಬರಲಿ’ ಎಂದರು.

ಸೇವೆ ಎಂಬ ಪದದ ಮೇಲೆ ನನಗೆ ದ್ವೇಷವೇನೂ ಇಲ್ಲ. ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎನ್ನುವುದನ್ನು ಗಮನಿಸಿದ್ದೇನೆ, ಅಷ್ಟೆ. 2006ರಲ್ಲಿ ನಾನು ಕೆಲಸಕ್ಕೆ ಸೇರಿದಾಗ 2,800 ರೂಪಾಯಿ. ಹೆಚ್ಚಿಸಿ ಎಂದು ಕೇಳಿದ ಮೊದಲ ಸಲ ಕಿವಿಗೆ ಬಿದ್ದ ಪದ ಇದೇ. ಆಮೇಲೆ ಮೂರು ಕಡೆ ದುಡಿದೆ, ಮೂರು ಕಡೆಯೂ ಕೇಳಿದೆ. ಜುಲೈ 1 ಬಂದರೆ ಸಾಕು, ಪತ್ರಿಕಾ ದಿನಾಚರಣೆಯ ವೇದಿಕೆಯಲ್ಲಿ ಮಂತ್ರಿಗಳಿಂದ ಹಿಡಿದು ಮಠಾಧೀಶರ ತನಕ ಎಲ್ಲರೂ ಇದನ್ನೇ ಹೇಳುತ್ತಾರೆ. 1843ರ ಆ ದಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದನ್ನು ನೆನೆಯುತ್ತಾರೆ, ನಮಗೆ ಶಾಲು ಹೊದಿಸುತ್ತಾರೆ. ನನ್ನ ಮನೆಯಲ್ಲಿ ಹದಿನೇಳು ಶಾಲುಗಳಿವೆ. ಮೊನ್ನೆ ಒಂದನ್ನು ಫ್ರಿಜ್ ಮೇಲೆ ಹಾಸಿದೆ.

ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳು ಜೇಬಿಲ್ಲದ ಅಂಗಿ ತೊಡುತ್ತಿದ್ದರು. ಪದ್ಮಶ್ರೀ ಬಂದರೂ ಬೇಡವೆಂದರು. ಅದು ಸೇವೆ, ಜೇಬು ಬೇಡವೆಂದು ಅವರೇ ತೀರ್ಮಾನಿಸಿದ್ದರು. ನಮ್ಮ ಅಂಗಿಯ ಜೇಬನ್ನು ಬೇರೆಯವರು ಹೊಲಿದು ಮುಚ್ಚಿ, ‘ಆಹಾ, ಎಂಥ ತ್ಯಾಗ’ ಎನ್ನುತ್ತಾರಲ್ಲ, ಅದಕ್ಕೇನು ಹೇಳುವುದು?

ಹಿರಿಯರೊಬ್ಬರು ಆಗಲೇ ಫೋನ್ ಮಾಡಿ ಬುದ್ಧಿ ಹೇಳಿದರು. ಬೆಳಗಾವಿಯಲ್ಲಿ ‘ಸಂಯುಕ್ತ ಕರ್ನಾಟಕ’ ಹುಟ್ಟಿದಾಗ ಯಾರು ಸಂಬಳ ನೋಡಿದರು, ಅದರ ಸಂಪಾದಕ ಮೊಹರೆ ಹಣಮಂತರಾಯರು ಭತ್ಯೆ ಕೇಳಿದರೇ, ಎಂದರು. ಒಪ್ಪಿದೆ. ಅವರೆದುರು ಬ್ರಿಟಿಷ್ ಸರ್ಕಾರವಿತ್ತು, ಜೈಲಿತ್ತು. ನನ್ನೆದುರು ಜಾಹೀರಾತು ಟಾರ್ಗೆಟ್ ಇದೆ. ಚಿನ್ನದಂಗಡಿಯ ಮುಖಪುಟ ಜಾಹೀರಾತು ಹಾಕುವ ಹೊತ್ತಿಗೆ ಅದು ಉದ್ಯಮ, ನನಗೆ ಸಂಬಳ ಕೊಡುವ ಹೊತ್ತಿಗೆ ಸ್ವಾತಂತ್ರ್ಯ ಹೋರಾಟ! ಸೇವೆಯೇ ಆಗಿದ್ದರೆ 1955ರಲ್ಲಿ ಸಂಸತ್ತು ಕಾರ್ಯನಿರತ ಪತ್ರಕರ್ತರ ಕಾಯ್ದೆ ಮಾಡಿದ್ದು ಯಾಕೆ? ಮಜೀಠಿಯಾ ವೇತನ ಮಂಡಳಿಯ ಶಿಫಾರಸಿಗೆ 2011ರಲ್ಲಿ ಅಧಿಸೂಚನೆ ಹೊರಡಿಸಿದ್ದು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದ್ದು ಯಾರಿಗಾಗಿ? ಅರೆಕಾಲಿಕರೂ ಆ ಕಾಯ್ದೆಯೊಳಗೇ ಇದ್ದರು. ಆದರೆ ತಾಲ್ಲೂಕಿನ ಹುಡುಗರನ್ನು ‘ಅರೆಕಾಲಿಕ’ ಎಂದು ಬರೆದುಕೊಂಡವರು ಅದನ್ನು ಅವರ ಮನೆ ಬಾಗಿಲಿಗೂ ಬಿಡಲಿಲ್ಲ. ಅರೆಕಾಲಿಕ! ಬೆಳಗಿನ ಐದಕ್ಕೆ ಅಪಘಾತದ ಫೋಟೊ, ರಾತ್ರಿ ಹತ್ತಕ್ಕೆ ಜಗಳದ ಸುದ್ದಿ, ನಡುವೆ ಪತ್ರಿಕೆ ಏಜೆನ್ಸಿಯ ಬಾಕಿ ವಸೂಲಿ. ಉಳಿದ ಅರ್ಧ ಕಾಲ ಯಾವುದು ಎಂದು ಹಾಗೆ ಬರೆದುಕೊಂಡವರನ್ನೇ ಕೇಳಬೇಕು.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಕೊಳವೆ ಬಾವಿಗೆ ಬಿತ್ತಲ್ಲ, ಆ ರಾತ್ರಿ ನಾನು ಅಲ್ಲಿದ್ದೆ. ನನಗಿಂತ ಮೊದಲು ಹೋಗಿ ನಿಂತವನು ನಮ್ಮ ಸ್ಟ್ರಿಂಗರ್, ಅಂದರೆ ಅದೇ ‘ಅರೆಕಾಲಿಕ’ ವರದಿಗಾರ ಹುಡುಗ. ಜೆಸಿಬಿ ಬಂಡೆಗೆ ತಾಗುವ ಸದ್ದು, ದೂಳು, ದೀಪದ ಸುತ್ತ ಹುಳ, ಸಾವಿರಾರು ಜನರ ಪಿಸುಮಾತು. ಒಳಗಿಳಿಸಿದ ಕ್ಯಾಮೆರಾದಲ್ಲಿ ಪುಟ್ಟ ಕಾಲು ಅಲುಗಿದ್ದು ಕಂಡಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಬಂದಾಗ ಆ ಹುಡುಗ ನನ್ನ ಕೈ ಹಿಡಿದುಕೊಂಡುಬಿಟ್ಟ. 2014ರಲ್ಲಿ ನಾಗಠಾಣದಲ್ಲೂ, ಅದೇ ವರ್ಷ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲೂ ಮಕ್ಕಳು ಉಳಿದಿರಲಿಲ್ಲ. ನಾಗಠಾಣದ ಆ ವರದಿ ಬರೆದ ಕೈ ಇದು. ಇಲ್ಲಿ ಸುಮಾರು 20 ಗಂಟೆಗಳ ನಂತರ ಮಗು ಜೀವಂತ ಹೊರಬಂತು. ನಾನು ಅತ್ತೆ. ಎರಡು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. (ರಾತ್ರಿಯಿಡೀ ಶೌಚಕ್ಕೆ ಜಾಗವಿಲ್ಲದೆ ಹೊಲದ ಮನೆಯೊಂದರ ಬಾಗಿಲು ತಟ್ಟಿದ್ದನ್ನು ಯಾವ ವರದಿಯಲ್ಲೂ ಬರೆಯಲಿಲ್ಲ. ಜಿಲ್ಲೆಯ ಪತ್ರಿಕಾಗೋಷ್ಠಿಗಳಲ್ಲಿ ಹೆಂಗಸರ ಕುರ್ಚಿ ಎಷ್ಟು ತುಂಬಿರುತ್ತದೆ ಎಂದು ಕೇಳುವವರಿಗೆ ಇಷ್ಟು ಸಾಕು.)

ನೋಡಿ, ಇಂಥ ಕ್ಷಣ ಬ್ಯಾಂಕಿನಲ್ಲಿ ಸಿಗುತ್ತದೆಯೇ ಎಂದು ಈಗ ಯಾರಾದರೂ ಕೇಳುತ್ತೀರಿ. ಸಿಗುವುದಿಲ್ಲ. ಆದರೆ ಆ ಹುಡುಗ ಬೈಕಿನ ಪೆಟ್ರೋಲಿಗೆ ಹೆಂಡತಿಯಿಂದ ಮುನ್ನೂರು ರೂಪಾಯಿ ಕಡ ತಂದಿದ್ದ. ಬಂಕಿನವನು ಕಣ್ಣೀರು ಅಳೆದುಕೊಂಡು ಪೆಟ್ರೋಲ್ ಹಾಕುವುದಿಲ್ಲ.

ನಿಖರವಾಗಿ ಬರೆಯುವುದನ್ನು ನನಗೆ ಕಲಿಸಿದ್ದೂ ‘ಸೇವೆ’ಯಲ್ಲ, ಬೈಗುಳ. ಒಂದು ಮಳೆಗಾಲದಲ್ಲಿ ಆಲಮಟ್ಟಿಯ ನೀರಿನ ಮಟ್ಟ 517.90 ಮೀಟರ್ ಎಂದು ಕಳಿಸುವ ಬದಲು 519.70 ಎಂದು ಕಳಿಸಿದೆ. ಏಳು ಒಂಬತ್ತು ಅದಲು ಬದಲು. ಗರಿಷ್ಠ ಮಟ್ಟವೇ 519.60. ಅಣೆಕಟ್ಟೆಯ ಮಿತಿಗಿಂತ ಹತ್ತು ಸೆಂಟಿಮೀಟರ್ ಮೇಲೆ ನಾನೊಬ್ಬಳೇ ನೀರು ನಿಲ್ಲಿಸಿದ್ದೆ. ಬೆಳಗಿನ ಐದೂವರೆಗೆ ಕೊಲ್ಹಾರದ ಕಡೆಯ ರೈತರೊಬ್ಬರ ಫೋನು: ‘ತಾಯಿ, ಹೊಲದ ಬದುವಿನ ಮೇಲೆ ನಿಂತಿದ್ದೇನೆ, ನಿಮ್ಮ ನೀರು ಇನ್ನೂ ಬಂದಿಲ್ಲ.’ ಅವತ್ತಿನಿಂದ ಅಂಕಿಯನ್ನು ಎರಡು ಸಲ ಓದಿ ಕಳಿಸುತ್ತೇನೆ. ಆ ರೈತ ಪತ್ರಿಕೆಗೆ ದುಡ್ಡು ಕೊಟ್ಟಿದ್ದರು, ಅದಕ್ಕೇ ಲೆಕ್ಕ ಕೇಳಿದರು. ಧರ್ಮಕ್ಕೆ ಸಿಕ್ಕಿದ್ದಕ್ಕೆ ಯಾರು ಲೆಕ್ಕ ಕೇಳುತ್ತಾರೆ?

ಇನ್ನೊಂದು ಲೆಕ್ಕವಿದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ಸಲ ಅಳಿಸಿದೆ. ಒಂದು ವರ್ಷ ಟಾರ್ಗೆಟ್ ತುಂಬಲು ಇನ್ನೂ ಅರ್ಧ ಪುಟ ಬೇಕಿತ್ತು. ಗುತ್ತಿಗೆದಾರನೊಬ್ಬ ನಾಯಕರ ಹುಟ್ಟುಹಬ್ಬಕ್ಕೆ ಶುಭಾಶಯದ ಜಾಹೀರಾತು ಕೊಟ್ಟ. ಅವನು ಹಾಕಿದ ರಸ್ತೆ ಮೂರು ತಿಂಗಳಲ್ಲಿ ಕಿತ್ತುಹೋಗಿದ್ದರ ವರದಿ ನನ್ನ ಬಳಿ ಸಿದ್ಧವಿತ್ತು. ಯಾರೂ ಬೇಡ ಎನ್ನಲಿಲ್ಲ. ನಾನೇ ಕಳಿಸಲಿಲ್ಲ. ಕಮಿಷನ್ ಬಂತು, ಮಗನ ಶಾಲೆಯ ಫೀ ಕಟ್ಟಿದೆ. ಆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ಬಸ್ಸಿನ ಎಡಗಡೆಯ ಸೀಟು ಹಿಡಿಯುವುದಿಲ್ಲ. ಹೊಟ್ಟೆಗೆ ಸಾಲದ ಸಂಬಳ ಕೊಟ್ಟು ‘ಸೇವೆ’ ಎನ್ನುವವರಿಗೆ ಓದುಗರು ತೆರುವ ಬೆಲೆ ಇದು, ಆ ಊರಿನವರ ಸೊಂಟ ತೆರುವ ಬೆಲೆ.

ಶನಿವಾರ ಮೈಕ್ ನನ್ನ ಕೈಯಲ್ಲೇ ಇತ್ತು. ಇಷ್ಟೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಪ್ರಾಚಾರ್ಯರು ‘ಸೇವೆ’ ಎಂದಾಗ ಒಳಗೊಳಗೇ ಸಮಾಧಾನವಾಯಿತು, ಯಾಕೆಂದರೆ ಸಾಫ್ಟ್‌ವೇರ್ ಹುಡುಗನ ಪಕ್ಕ ಕುಳಿತು ನನ್ನ ಸಂಬಳದ ಅಂಕಿ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗಿತ್ತು. ಆ ಪದದ ಹಿಂದೆ ಬಚ್ಚಿಟ್ಟುಕೊಳ್ಳುವವರು ಮಾಲೀಕರಷ್ಟೇ ಅಲ್ಲ.

ಹೊರಗೆ ಗೇಟಿನ ಬಳಿ ಆ ಹುಡುಗಿ ಕಾಯುತ್ತಿದ್ದಳು. ಬಸವನ ಬಾಗೇವಾಡಿಯ ಕಡೆಯವಳಂತೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಬೇಕಂತೆ, ಅಪ್ಪ ಡಿ.ಇಡಿ ಮಾಡು ಎನ್ನುತ್ತಾರಂತೆ. ನಾನು ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯ ಹಿಂದೆ ಬರೆದೆ: ಸೇರಿದಾಗ ಎಷ್ಟು, ಹತ್ತು ವರ್ಷಕ್ಕೆ ಎಷ್ಟು, ಈಗ ಎಷ್ಟು, ತಾಲ್ಲೂಕಿನವರಿಗೆ ಎಷ್ಟು. ಮುಚ್ಚಿಡದೆ ಬರೆದೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ‘ಪಾಪ’ ಎನ್ನಲಿಲ್ಲ, ‘ಗ್ರೇಟ್ ಮೇಡಂ’ ಎಂದೂ ಅನ್ನಲಿಲ್ಲ.

‘ಇದರಲ್ಲಿ ಪೆಟ್ರೋಲ್ ಸೇರಿದೆಯೋ, ಬೇರೆಯೋ?’ ಎಂದಳು.

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಯಾವ ಸಂಪಾದಕರಿಗೂ ಕೇಳಿಲ್ಲ. ಸೇರಿದೆ ಎಂದೆ. ಅವಳು ಪೆನ್ನು ಇಸಿದುಕೊಂಡು, ಅಂಕಿಗಳ ಪಕ್ಕದಲ್ಲಿ ಅದನ್ನೂ ಬರೆದುಕೊಂಡಳು.