ಮಿಕ್ಸರ್ ಸುರಿಗೆ ಬರವಲ್ದು

ಮುಂಜಾನೆ ಏಳಕ್ಕ ಚಟ್ನಿ ಅರ್ಧ ರುಬ್ಬಿರ್ತದ, ದ್ವಾಸಿ ಹಂಚಿನ ಮ್ಯಾಲಿರ್ತದ, ಅಷ್ಟರಾಗ ಒಳಗಿಂದ "ಏ, ಆ ಮಿಕ್ಸರ್ ಬಂದ್ ಮಾಡಲೇ, ಸುರ್ ಕೆಡಸ್ಲಿಕ್ಕತ್ತದ" ಅಂತ ಅಪ್ಪ ಒದರ್ತಾರ. ಇವತ್ತೂ ಹಂಗ ಆತು. ಅವರ ತಂಬೂರಿ ಕಾಳಿ ಒಂದು, ಅಂದ್ರ ಹಾರ್ಮೋನಿಯಂದ ಮೊದಲ ಕರಿ ಪಟ್ಟಿ ಸುರಿಗೆ ಕೂಡಿಸಿದ್ದು, ನಮ್ಮ ಮಿಕ್ಸರ್ ಯಾವ ಪಟ್ಟಿಗೂ ಕೂಡಂಗಿಲ್ಲ.

ಸಂಗೀತದವರ ಮನ್ಯಾಗ ಹುಟ್ಟೋದು ಪುಣ್ಯ ಅಂತಾರ ಮಂದಿ. ಹಂಗನ್ನೋರ ಮನ್ಯಾಗ ನಸುಕಿನ ನಾಲ್ಕಕ್ಕ ಖರಜ (ತಗ್ಗಿನ ಸ್ವರದ ಅಭ್ಯಾಸ) ಹಚ್ಚೋರು ಯಾರೂ ಇರಂಗಿಲ್ಲ. ಅಜ್ಜ ಹಾರ್ಮೋನಿಯಂ, ಅಪ್ಪ ಗಾಯನ, ಕಾಕಾ ತಬಲಾ. ನಾ ಮಗ್ಗಿಕಿಂತ ಮೊದ್ಲ ಹದಿನಾರು ಮಾತ್ರೆಯ ತೀನ್ ತಾಲ್ ಕಲ್ತಾಂವ, ಹಿಂಗಾಗಿ ಸಾಲ್ಯಾಗ ಇಪ್ಪತ್ತರ ತನಕ ಎಣಿಸು ಅಂದ್ರ ಹದಿನಾರಕ್ಕ ಮುಗಿಸಿ, ತಿರುಗಿ ಒಂದಕ್ಕ ಬಂದು, ಸಮ್ ಅಂದ್ರ ಆ ಮೊದಲ ಪೆಟ್ಟಿನ ಮ್ಯಾಲೆ ಚಪ್ಪಾಳಿ ಹೊಡೀತಿದ್ದೆ. ಮಾಸ್ತರು ನನ್ನ ಬೆನ್ನ ಮ್ಯಾಲೆ ಬ್ಯಾರೆನ ತಾಳ ಹಾಕ್ತಿದ್ರು.

ಬೇಸರ ಬಂತು ಅಂದ್ರ ಸಾಕು, ಅಪ್ಪ ಭೀಮಸೇನ ಜೋಶಿಯವರ ಕಥಿ ತೆಗೀತಿದ್ರು. "1933ರಾಗ ಹನ್ನೊಂದು ವರ್ಷದ ಹುಡುಗ ಗುರುನ್ನ ಹುಡುಕ್ಕೋತ ಮನಿ ಬಿಟ್ಟು ಓಡಿ ಹೋತು, ನೀ ಕೂತಲ್ಲಿಂದ ಏಳವಲ್ಲಿ." ಅದಕ್ಕೂ ಮೊದ್ಲ ಅವರು ಭಜನಿ ಮ್ಯಾಳದ ಹಿಂದ ಹೋಗಿ ಎಲ್ಲೆರೆ ನಿದ್ದಿ ಹೊಡೀತಿದ್ರಂತ, ಹುಡುಕಿ ಹುಡುಕಿ ಸಾಕಾಗಿ ಅವರ ತಂದಿ ಅಂಗಿ ಮ್ಯಾಲೆ 'ಜೋಶಿ ಮಾಸ್ತರ ಮಗ' ಅಂತ ಬರದು ಬಿಟ್ಟಿದ್ರಂತ. ನಂಗೂ ಓಡಿ ಹೋಗೋ ಆಸೆ ಭಾಳ ಇತ್ತು. ಆದ್ರ ನಮ್ಮ ಗುರು ಮನ್ಯಾಗ ಇದ್ರು, ನಾ ಓಡಬೇಕಾಗಿದ್ದು ಅವರಿಂದ.

ಇರಲಿ, ಮಿಕ್ಸರಿಗೆ ಬರೋಣ. ಹಳೇದು ಸುಟ್ಟು ಹೋತು ಅಂತ ಹೊಸಾದು ತರಲಿಕ್ಕೆ ಹೋದ್ರ ಅಪ್ಪ ನಾನೂ ಬರ್ತೇನಿ ಅಂತ ಬೆನ್ನ ಹತ್ತಿದ್ರು. ಅಂಗಡಿಯಾಂವ ವ್ಯಾಟ್ ಎಷ್ಟು, ಜಾರ್ ಎಷ್ಟು ಅಂತ ಶುರು ಮಾಡೋದ್ರಾಗ ಇವರು ಮೊಬೈಲ್ ತೆಗದು ತಂಬೂರಿ ಆ್ಯಪ್ ಹಚ್ಚಿ ಕೌಂಟರ್ ಮ್ಯಾಲೆ ಇಟ್ಟು, "ಹೂಂ, ಈಗ ತಿರಗಸ್ರಿ" ಅಂದ್ರು. ಅಂವ ಪಾಪ ತಿರಗಿಸಿದ. ಅಪ್ಪ ಕಣ್ಣು ಮುಚ್ಚಿ, ಒಂದು ಕೈ ಕಿವಿ ಮ್ಯಾಲಿಟ್ಟು "ಆ..." ಅಂದ್ರು. ಫ್ರಿಜ್ ನೋಡ್ಲಿಕ್ಕೆ ಬಂದಿದ್ದ ಒಂದು ಸಂಸಾರ ಹಂಗ ನಿಂತುಬಿಡ್ತು.

"ಸರ್, ಎರಡು ವರ್ಷ ವಾರಂಟಿ ಅದ."

"ವಾರಂಟಿ ಇರಲಿ, ಇದು ಪಂಚಮಕ್ಕ ನಿಲ್ಲವಲ್ದಲ್ಲರೀ."

ನಾಲ್ಕನೇದು ಹತ್ತಿರ ಬಂತು. ಅಂಗಡಿಯಾಂವಗ ಜೀವ ಬಂತು. ಆದ್ರ ಅಪ್ಪ ಬಿಡಬೇಕಲ್ಲ, ಒಳಗ ಒಂದೀಟು ನೀರು ಹಾಕ್ರಿ ಅಂದ್ರು. ನೀರು ಬಿದ್ದ ಕೂಡಲೇ ಭಾರಕ್ಕ ಮೋಟರ್ ಸ್ಪೀಡ್ ಇಳೀತು, ಸ್ಪೀಡಿನ ಜೊತಿ ಸುರೂ ಇಳೀತು. "ನೋಡ್ರಿ, ಸ್ವಲ್ಪ ಕೆಲಸ ಕೊಟ್ಟ್ರ ಸಾಕು ಬೇಸುರ" ಅಂತ ಅಂದವರು ಮಿಕ್ಸರ್ ಕಡೆ ನೋಡ್ಲಿಲ್ಲ, ನನ್ನ ಕಡೆ ನೋಡಿದ್ರು.

ಒಂದು ಮಾತಿಗೆ ಮಾತ್ರ ನಗಿ ಬರಂಗಿಲ್ಲ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಛಲೋ ಕರ್ನಾಟಕಿ ಹಾಡ್ತಿದ್ರು, ಮಗಳ ಹಿಂದೂಸ್ತಾನಿಗೆ ತಮ್ಮ ಧಾಟಿ ಹತ್ತಬಾರದು ಅಂತ ಹಾಡೋದ ಬಿಟ್ರು. ಅಲ್ಲೆ ಒಬ್ಬ ಗಂಗೂಬಾಯಿ ಆದ್ರು. ನಮ್ಮವ್ವನೂ ಒಲಿ ಮುಂದ ದಾಸರ ಪದ ಹೇಳ್ಕೋತ ಇರ್ತಿದ್ಲು. "ನಿಷಾದ ಸ್ವರ ಇಳೀತು" ಅಂತ ಪಡಸಾಲ್ಯಾಗಿಂದ ದಿನಾ ಕೇಳಿ ಕೇಳಿ ಯಾವಾಗ ಬಿಟ್ಲೋ ಯಾರಿಗೂ ಗೊತ್ತಾಗ್ಲಿಲ್ಲ. ಇಲ್ಲೆ ಯಾರೂ ಏನೂ ಆಗ್ಲಿಲ್ಲ, ನಾ ಬ್ಯಾಂಕಿನ್ಯಾಗ ಕ್ಲರ್ಕ್ ಆದೆ. ಅಪ್ಪಗ ಇದನ್ನ ಒಮ್ಮೆ ಅಂದುಬಿಡ್ಬೇಕು ಅಂತ ಅನಸ್ತದ, ಅಷ್ಟರಾಗ ಅವರು ತೋಡಿ ರಾಗ ಹಚ್ಚಿಬಿಡ್ತಾರ, ಭಾಳ ಛಲೋ ಹಚ್ತಾರ, ಸಿಟ್ಟು ಮಾಡ್ಕೊಳ್ಳಿಕ್ಕೂ ಆಗಂಗಿಲ್ಲ.

ಐತವಾರ ವಾಷಿಂಗ್ ಮಶೀನ್ ನೋಡ್ಲಿಕ್ಕೆ ಹೋಗೋದದ. ಯಾರಿಗೂ ಹೇಳಿರಲಿಲ್ಲ. ಅಪ್ಪ ಮೊಬೈಲ್ ಚಾರ್ಜಿಗೆ ಹಚ್ಚಿ ಕೂತಾರ.